ಕೊಡುವ ಕೈ, ದುಡಿಯುವ ಕೈ

ಪರದೇಶದ ನೆರವೆಂದರೆ ಪುಣ್ಯದ ಕೆಲಸವೆಂದೇ ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹಸಿದವನಿಗೆ ಅನ್ನವಿಟ್ಟವನನ್ನು ಹಳಿಯುವುದು ನಮ್ಮ ರೀತಿಯಲ್ಲ. ಆದರೆ ಬಂದ ನೆರವು ಊರಿನ ದುಡಿಯುವ ಕೈಗೆ ಕೆಲಸ ಕೊಟ್ಟಿತೋ, ಇದ್ದ ಕೆಲಸವನ್ನೂ ಕಸಿದುಕೊಂಡಿತೋ ಎಂಬ ಲೆಕ್ಕವನ್ನು ಕೇಳಲೇಬೇಕು.

ಗಂಗಾವತಿಯ ಅಕ್ಕಿ ಗಿರಣಿಯ ಬಂಧುಗಳಿಗೆ ಮೊದಲು ಹೈಟಿ ದೇಶದ ಮಾತು ಹೇಳುತ್ತೇವೆ. ಆ ಬಡ ದೇಶವೂ ಭತ್ತ ಬೆಳೆಯುತ್ತಿತ್ತು. ಸಾಲ ಮತ್ತು ನೆರವು ಕೊಡುವವರ ಒತ್ತಾಯಕ್ಕೆ ಮಣಿದು 1995ರಲ್ಲಿ ಅದು ಪರದೇಶದ ಅಕ್ಕಿಯ ಮೇಲಿನ ಸುಂಕವನ್ನು ಶೇಕಡಾ 3ಕ್ಕೆ ಇಳಿಸಿತು. ಸರಕಾರದ ಸಹಾಯಧನದಿಂದ ಬೆಳೆದ ಅಮೆರಿಕದ ಅಕ್ಕಿ ಅಗ್ಗದ ದರದಲ್ಲಿ ಬಂದಿಳಿಯಿತು. ರೈತ ಪೈಪೋಟಿಯಲ್ಲಿ ಸೋತ. ಭತ್ತ ಬಾರದ ಊರಿನಲ್ಲಿ ಗಿರಣಿಗೇನು ಕೆಲಸ? ಹಮಾಲನಿಗೇನು ಕೂಲಿ? ಅವನನ್ನೇ ನಂಬಿದ ಚಹದಂಗಡಿಯವನಿಗೇನು ಗತಿ? ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರೇ 2010ರ ಮಾರ್ಚಿನಲ್ಲಿ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಯಿತೆಂದು ಒಪ್ಪಿಕೊಂಡರು. ಹದಿನೈದು ವರ್ಷಗಳ ಮೇಲೆ ಬಂದ ಆ ಮಾತು ಗದ್ದೆ ಬಿಟ್ಟವನ ಹೊಟ್ಟೆ ತುಂಬಿಸಲಿಲ್ಲ.

ನಮ್ಮ ದೇಶವೂ ಇದರ ರುಚಿ ಕಂಡಿದೆ. 1956ರ ಒಪ್ಪಂದದಂತೆ ಅಮೆರಿಕದ ಪಿ.ಎಲ್. 480 ಕಾಯಿದೆಯ ಗೋಧಿ ಬಂತು. 1965–67ರ ಬರಗಾಲದಲ್ಲಿ ಅದು ಜೀವ ಉಳಿಸಿತೆಂಬುದನ್ನು ಮರೆತರೆ ಕೃತಘ್ನತೆಯಾದೀತು. ಆದರೆ ಅದೇ ಹೊತ್ತಿನಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ತಡೆತಡೆದು ಬಿಟ್ಟರೆಂಬುದೂ ಅಷ್ಟೇ ನಿಜ. ಕಣಜ ತುಂಬಿದರೂ ಕೀಲಿಕೈ ಕೊಟ್ಟವನ ಸೊಂಟದಲ್ಲೇ ಇತ್ತು. 2025ರ ಜುಲೈ 1ರಂದು ಅಮೆರಿಕದ ಯುಎಸ್‌ಏಡ್ ಸಂಸ್ಥೆಯೇ ನೆರವಿನ ಕೆಲಸ ನಿಲ್ಲಿಸಿತು. ಅದನ್ನೇ ನಂಬಿದ್ದ ದೇಶಗಳ ಕೆಲಸಗಾರರನ್ನು ಯಾರೂ ಕೇಳಲಿಲ್ಲ.

ಇದಕ್ಕೆ ಎದುರಾಗಿ ನಮ್ಮ ಮುನಿರಾಬಾದಿನ ತುಂಗಭದ್ರಾ ಕಟ್ಟೆಯನ್ನು ನೋಡಿರಿ. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಸಾವಿರಾರು ಜನ ಕಲ್ಲು ಹೊತ್ತು, ಸುಣ್ಣ-ಸುರ್ಕಿಯ ಗಾರೆಯಲ್ಲಿ ಅದನ್ನು ಕಟ್ಟಿದರು. ಗೇಟು ಮಾಡುವ ವಿದ್ಯೆ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ಬೇರೂರಿತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ, ಆ ಕಾರ್ಖಾನೆಯಲ್ಲಿ ಪಳಗಿದ್ದ ವೃದ್ಧ ತಜ್ಞ ಕನ್ನಯ್ಯ ನಾಯ್ಡು ಬಂದರು. ಹೊಸಪೇಟೆಯ ಸುತ್ತಿನ ಕಾರ್ಖಾನೆಗಳಲ್ಲೇ ಹಲಗೆಗಳು ತಯಾರಾದವು. ಹರಿಯುವ ನೀರಿನಲ್ಲೇ ಅವನ್ನಿಳಿಸಿ ಒಂದೇ ವಾರದಲ್ಲಿ ಬಾಯಿ ಮುಚ್ಚಿದರು. ಗಂಗಾವತಿಯ ಗದ್ದೆಯ ನೀರನ್ನು ಉಳಿಸಿದ್ದು ಊರಲ್ಲಿ ಉಳಿದಿದ್ದ ಕಸುಬು. ಆದರೆ ಆ ಕಾರ್ಖಾನೆಯನ್ನು ಮುಚ್ಚಲು 2015ರಲ್ಲಿ ತೀರ್ಮಾನಿಸಿದವರು ಪರದೇಶದವರಲ್ಲ, ನಮ್ಮದೇ ಕೇಂದ್ರ ಸರಕಾರ. ಅನುಭವದ ಕೈಗಳು ಮುದಿಯಾದ ಮೇಲೆ ಮುಂದಿನ ಗೇಟಿಗೆ ಯಾರು ಬರಬೇಕು?

ಇನ್ನೊಂದು ಮಾತನ್ನೂ ಬಚ್ಚಿಡಲಾರೆವು. ಇಂದು ಭಾರತವೂ ಬಡ ದೇಶಗಳಿಗೆ ಸಾಲದ ನೆರವು ಕೊಡುತ್ತಿದೆ. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 75ರಷ್ಟು ಸರಕು ಮತ್ತು ಸೇವೆಯನ್ನು ನಮ್ಮಿಂದಲೇ ಕೊಳ್ಳಬೇಕೆಂಬ ಕರಾರಿರುತ್ತದೆ. ಹೈಟಿಯಲ್ಲಿ ಅನ್ಯಾಯವಾದದ್ದು ಆಫ್ರಿಕದಲ್ಲಿ ನ್ಯಾಯವಾಗದು.

ಆದುದರಿಂದ ನೆರವು ಬೇಡವೆನ್ನುವುದಲ್ಲ, ಮೂರು ಪ್ರಶ್ನೆ ಕೇಳಿ ಸ್ವೀಕರಿಸುವುದು. ಸರಕು ಊರಲ್ಲೇ ಸಿಗುವುದಾದರೆ ಹಡಗಿನಲ್ಲಿ ಏಕೆ ಬರಬೇಕು? ಬಂದ ಯಂತ್ರವನ್ನು ಕುಷ್ಟಗಿಯ ಕಮ್ಮಾರ, ಯಲಬುರ್ಗಾದ ಪಂಪು ರಿಪೇರಿಯವ ಬಿಚ್ಚಿ ಜೋಡಿಸಬಲ್ಲನೇ, ಅದರ ಬಿಡಿಭಾಗ ಕೊಪ್ಪಳದ ಅಂಗಡಿಯಲ್ಲಿ ಸಿಕ್ಕೀತೇ? ಕೊಟ್ಟವನು ಹೊರಟುಹೋದ ಮರುದಿನ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಗ್ರಾಮಸಭೆಯಲ್ಲಿ, ಸಂಘದ ಸಭೆಯಲ್ಲಿ, ಶಾಸಕರ ಬಾಗಿಲಲ್ಲಿ ಈ ಮೂರನ್ನೂ ಎದ್ದು ನಿಂತು ಕೇಳೋಣ. ಉತ್ತರ ಸಿಗುವವರೆಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಬೇಡ.