ಹೊಲಕ್ಕೆ ಕುರಿಗೊಬ್ಬರ, ಕುರಿಗಾರನಿಗೆ ತೋಳದ ಕಾಟ

ಸುಗ್ಗಿ ಮುಗಿದು ಹೊಲ ಬರಿದಾದೊಡನೆ ದೇವದುರ್ಗ, ಮಾನ್ವಿ ಭಾಗದ ರೈತರು ಕುರಿಮಂದೆಯ ದಾರಿ ನೋಡುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ನೇರವಾಗಿ ಮಣ್ಣು ಸೇರುತ್ತವೆ, ಸಾಗಣೆಯ ಖರ್ಚಿಲ್ಲ. ಇದಕ್ಕಾಗಿ ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಡುವುದು ಹಳೆಯ ವಾಡಿಕೆ. ಆದರೆ ಅದೇ ರಾತ್ರಿ ತೋಳ ಬಂದು ಮರಿಯನ್ನು ಎತ್ತಿಕೊಂಡು ಹೋದರೆ ನಷ್ಟ ಯಾರದು? ಕುರಿಗಾರನದೇ ಎಂದು ನಾವೆಲ್ಲ ಸುಮ್ಮನಿದ್ದೇವೆ. ಇದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ.

ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಕುರುಚಲು ಗುಡ್ಡ, ಹುಲ್ಲುಗಾವಲು, ಬೀಳುಭೂಮಿಗಳೇ ಅದರ ನೆಲೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿಗೂ, ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೂ ನೀರು ಬಂದಿತು. ಬೀಳು ನೆಲ ಬೆಳೆ ಕಂಡಿತು. ಇದು ಸಂತೋಷದ ಸಂಗತಿ. ಆದರೆ ಕುರಿ ಮೇಯುವ ನೆಲ, ತೋಳ ಬೇಟೆಯಾಡುವ ನೆಲ ಎರಡೂ ಒಟ್ಟಿಗೇ ಕಿರಿದಾದವು. ಉಳಿದ ಗುಡ್ಡಗಳ ಅಂಚಿನಲ್ಲಿ ಇಬ್ಬರೂ ಎದುರುಬದುರಾಗುತ್ತಿದ್ದಾರೆ.

ಕೊಂದರೆ ಪೀಡೆ ತೀರಿತು ಎನ್ನುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ತೋಳವಿದೆ; ಕೊಂದವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವಿದೆ. ಮಾಂಸಕ್ಕೆ ಕೀಟನಾಶಕ ಸವರಿಟ್ಟರೆ ಮೊದಲು ಸಾಯುವುದು ಮಂದೆಯ ಕಾವಲುನಾಯಿ. ಅಮೆರಿಕದಲ್ಲಿ ತೋಳದ ಜಾತಿಗೇ ಸೇರಿದ ಕಯೋಟಿ ಎಂಬ ಪ್ರಾಣಿಯನ್ನು ನೂರು ವರ್ಷಕ್ಕೂ ಮಿಕ್ಕಿ ವಿಷವಿಟ್ಟು, ಗುಂಡಿಟ್ಟು ಕೊಂದರು. ಅದು ಕಡಿಮೆಯಾಗುವ ಬದಲು ದೇಶದ ಮೂಲೆಮೂಲೆಗೂ ಹಬ್ಬಿತು. ನಮ್ಮ ತೋಳ ಹಾಗೆ ಹೆಚ್ಚುವ ಪ್ರಾಣಿಯಲ್ಲ; ಒಮ್ಮೆ ಅಳಿದರೆ ಅಳಿದಂತೆಯೇ. 1974ರಲ್ಲಿ ಮೇಲುಕೋಟೆಯಲ್ಲಿ ತೋಳಕ್ಕಾಗಿ ಅಭಯಾರಣ್ಯ ಘೋಷಿಸಿದ್ದು, ನೆರೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಮಾಡಿದ್ದು ಈ ಕಾರಣಕ್ಕೇ.

ತೋಳ ಕುರಿಯನ್ನಷ್ಟೇ ತಿನ್ನುವುದಿಲ್ಲ. ಇಲಿ, ಮೊಲ, ಹಂದಿಮರಿ, ಬೆಳೆ ಮೇಯುವ ಕೃಷ್ಣಮೃಗ ಇವೂ ಅದರ ಆಹಾರವೇ. ಇನ್ನು ಎಲ್ಲ ದೂರನ್ನೂ ತೋಳದ ತಲೆಗೆ ಕಟ್ಟುವುದೂ ತಪ್ಪು. ರಾಯಚೂರು ನಗರದಂಥ ಊರಿನ ಅಂಚಿನಲ್ಲಿ ಕೋಳಿ ಅಂಗಡಿಯ ತ್ಯಾಜ್ಯ, ಸತ್ತ ದನ ಎಸೆದರೆ ಬೀದಿನಾಯಿಗಳ ಹಿಂಡು ಬೆಳೆಯುತ್ತದೆ. ಅವೂ ಕುರಿ ಕಡಿಯುತ್ತವೆ, ತೋಳಕ್ಕೆ ರೋಗವನ್ನೂ ಅಂಟಿಸುತ್ತವೆ.

ಹಾಗಾದರೆ ಮಾಡಬೇಕಾದುದೇನು? ಮಂದೆಯ ಸುತ್ತ ಬಿಗಿಯಾಗಿ ಎತ್ತರದ ಬಲೆ ಕಟ್ಟಬೇಕು. ಎಳೆಮರಿಗಳನ್ನು ಮಂದೆಯ ನಡುವೆ, ಬುಟ್ಟಿಯಡಿ ಮುಚ್ಚಿಡಬೇಕು. ಹುಚ್ಚುರೋಗದ ಲಸಿಕೆ ಹಾಕಿಸಿದ ಒಳ್ಳೆಯ ನಾಯಿಗಳಿರಬೇಕು. ಸತ್ತ ಕುರಿಯನ್ನು ಆಳವಾಗಿ ಹೂಳಬೇಕು. ಚಳಿಗಾಲದಲ್ಲಿ ತೋಳ ಮರಿಹಾಕಿದ ಗುಹೆಗೆ ಹೊಗೆ ಹಾಕುವುದನ್ನು, ಮರಿ ತೆಗೆಯುವುದನ್ನು ಬಿಡಬೇಕು.

ಇವೆಲ್ಲವನ್ನೂ ಬಡ ಕುರಿಗಾರನೊಬ್ಬನೇ ಮಾಡಲೆನ್ನುವುದು ಸರಿಯಲ್ಲ. ಕುರಿ ನಿಲ್ಲಿಸಿಕೊಂಡ ರೈತ ಬಲೆಗೆ ಗೂಟ, ರಾತ್ರಿಗೊಂದು ದೀಪ, ಕಾವಲಿಗೆ ಮನೆಯಿಂದ ಒಬ್ಬ ಆಳು ಇಷ್ಟನ್ನಾದರೂ ಒದಗಿಸಬಹುದು. ಕುರಿ ಸತ್ತರೆ ಕಳೇಬರವನ್ನು ಅಲುಗಿಸದೆ, ಚಿತ್ರ ತೆಗೆದು, ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಕೂಡಲೇ ತಿಳಿಸಬೇಕು. ಓದುಬರಹ ಬಲ್ಲ ರೈತ ಅರ್ಜಿ ಬರೆದುಕೊಟ್ಟರೆ ಅದೇ ದೊಡ್ಡ ಉಪಕಾರ. ತೋಳ ಮರಿಯನ್ನೇ ಹೊತ್ತೊಯ್ದಾಗ ತೋರಿಸಲು ಕಳೇಬರವೇ ಇರುವುದಿಲ್ಲ. ಅಂಥಲ್ಲಿ ಹೊಲದೊಡೆಯನ ಹಾಗೂ ಗ್ರಾಮ ಪಂಚಾಯಿತಿಯ ಸಾಕ್ಷಿಯನ್ನು ಪರಿಹಾರಕ್ಕೆ ಸಾಕೆಂದು ಪರಿಗಣಿಸಬೇಕು.

ರೈತ ಬಾಂಧವರೇ, ತೋಳವನ್ನು ಉಳಿಸಿರೆಂದು ಕುರಿಗಾರನಿಗೆ ಹೇಳುವುದು ಸುಲಭ. ಆತನ ನಷ್ಟದಲ್ಲಿ ಕೈಜೋಡಿಸಿದ ಮೇಲೆ ಹೇಳಿದರೆ ಆ ಮಾತಿಗೆ ಬೆಲೆ. ಗೊಬ್ಬರದ ಲಾಭ ಪಡೆದವರು ಕಾವಲಿನ ಹೊಣೆಯಲ್ಲೂ ಪಾಲು ಹೊರಬೇಕು.