ಬೀಗ ಹಾಕುವವರ ಹೊಣೆ

ನವಿ ಮುಂಬಯಿಯ ತುರ್ಭೆಯಿಂದ ಠಾಣೆ–ಬೇಲಾಪುರ ರಸ್ತೆ ಹಿಡಿದರೆ, ಹಿಂದೆ ಪಾಳಿಯ ಸೈರನ್ ಕೇಳುತ್ತಿದ್ದ ಎಷ್ಟೋ ಕಡೆ ಈಗ ಐಟಿ ಪಾರ್ಕುಗಳ ಗಾಜಿನ ಗೋಡೆಗಳಿವೆ. ಈ ಕೈಗಾರಿಕಾ ಪಟ್ಟಿಯಲ್ಲಿ ಯಾವ ಕಂಪನಿ ಮುಚ್ಚಿದರೂ ಮೊದಲ ಶಾಪ ಮೇಲಧಿಕಾರಿಗಳಿಗೆ. ಅದು ನ್ಯಾಯವೇ?

ಅವರ ಮಾತನ್ನೂ ಕೇಳಬೇಕು. ಸರಕಿಗೆ ಗಿರಾಕಿ ಇಲ್ಲದ ಮೇಲೂ ಸಾಲ ತಂದು ಯಂತ್ರ ತಿರುಗಿಸಿದರೆ ಕರಗುವುದು ಕಾರ್ಮಿಕರ ಪಾಲೇ. ಕಚ್ಚಾಮಾಲಿನವರ ಬಿಲ್ಲು ನಿಲ್ಲುತ್ತದೆ, ಪಿ.ಎಫ್. ಕಟ್ಟುವುದು ತಪ್ಪುತ್ತದೆ, ಕೊನೆಗೆ ಪಗಾರವೂ ನಿಲ್ಲುತ್ತದೆ. ಕೈಯಲ್ಲಿ ನಾಲ್ಕು ಕಾಸಿರುವಾಗಲೇ ಮುಚ್ಚಿದರೆ ಹಂಚಲು ಏನಾದರೂ ಉಳಿದೀತು. ಹಾಗೆ ಮಾಡಲು ಎದೆಗಾರಿಕೆ ಬೇಕು.

ಆದರೆ ಕಲ್ಯಾಣದ ಬಳಿಯ ಮೊಹನೆಯನ್ನು ನೆನೆಯಿರಿ. ಅಲ್ಲಿನ ಎನ್‌ಆರ್‌ಸಿ ರೇಯಾನ್ ಕಾರ್ಖಾನೆಗೆ 2009ರ ನವೆಂಬರ್‌ನಲ್ಲಿ ಲಾಕೌಟ್ ಬಿತ್ತು. ಸಾವಿರಾರು ಕುಟುಂಬಗಳು ಕೆಲಸವೂ ಇಲ್ಲದೆ, ಲೆಕ್ಕವೂ ಚುಕ್ತಾ ಆಗದೆ ವರ್ಷಗಟ್ಟಲೆ ಕಾದವು. ನಷ್ಟಕ್ಕೆ ಕಾರಣವಾದ ತೀರ್ಮಾನಗಳಲ್ಲಿ ಕಾರ್ಮಿಕನ ಪಾಲಿರುವುದಿಲ್ಲ, ನಷ್ಟದಲ್ಲಿ ಮಾತ್ರ ಅವನಿಗೇ ದೊಡ್ಡ ಪಾಲು. ಮುಂಬಯಿಯ ಸುತ್ತ ಸರಕಿಗಿಂತ ನೆಲಕ್ಕೇ ಬೆಲೆ ಹೆಚ್ಚು. ಹಾಗಾಗಿ ಮುಚ್ಚುವವರ ಮೇಲೆ ಅನುಮಾನ ಹುಟ್ಟುವುದು ಸಹಜ.

ನಮ್ಮ ಎಚ್‌ಎಂಟಿ ವಾಚಸ್ ಮುಚ್ಚಿದ್ದು ಬೇರೆ ಬಗೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ, ನೌಕರರ ಸ್ವಯಂ ನಿವೃತ್ತಿ ಪರಿಹಾರವನ್ನು 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಕೊಡುವುದೆಂದೂ ತೀರ್ಮಾನವಾಯಿತು. ತುಮಕೂರಿನ ವಾಚ್ ಕಾರ್ಖಾನೆಯವರ ದುಃಖ ಅದರಿಂದ ಅಳಿಯಲಿಲ್ಲ, ಆದರೆ ಮನೆ ನಡೆಸಲು ಒಂದು ಆಸರೆಯಾಯಿತು. ಅಲ್ಲಿ ಬೆನ್ನಿಗಿದ್ದದ್ದು ಸರ್ಕಾರದ ಬೊಕ್ಕಸ, ಖಾಸಗಿ ಕಂಪನಿಗೆ ಆ ಅನುಕೂಲವಿಲ್ಲ ಎಂಬುದೂ ನಿಜವೇ.

ಬೊಕ್ಕಸವಿಲ್ಲದ ಕಡೆ ಕಾನೂನಾದರೂ ಇದೆ. 2016ರ ದಿವಾಳಿ ಸಂಹಿತೆಯ ಪ್ರಕಾರ ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ, ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಪಡೆದ ಬ್ಯಾಂಕುಗಳಿಗಿರುವಷ್ಟೇ ಹಕ್ಕು. ಆದರೆ ಆಸ್ತಿಯೇ ಸವೆದುಹೋಗಿದ್ದರೆ ಆ ಹಕ್ಕು ಬರಿಯ ಕಾಗದ.

ಆದ್ದರಿಂದ ಮುಚ್ಚುವುದೇ ತಪ್ಪೆಂದು ನಾನು ಹೇಳಲಾರೆ. ನಷ್ಟವನ್ನು ಬಚ್ಚಿಟ್ಟು, ನಾಳೆ ಸರಿಹೋದೀತೆಂದು ನಂಬಿಸಿ, ಹಂಚಲು ಏನೂ ಉಳಿಯದ ದಿನ ಬೀಗ ಹಾಕುವುದು ತಪ್ಪು. ಗೇಟಿನಿಂದ ಕೊನೆಯ ಸಲ ಹೊರಬರುವ ಕಾರ್ಮಿಕನ ಗ್ರಾಚ್ಯುಟಿ ಮೊದಲೇ ತೆಗೆದಿರಿಸಿದ್ದರೆ, ಅಲ್ಲಿ ಬೀಗ ಹಾಕಿದವನನ್ನು ನಾನು ದೂರಲಾರೆ.