ಅವಸರದ ಚಿತ್ರ

ಮಿದುಳಿನ ಎಂ.ಆರ್.ಐ. ಚಿತ್ರ ತೆಗೆಯುವಾಗ ರೋಗಿಯು ಯಂತ್ರದ ಸುರಂಗದೊಳಗೆ ಅರ್ಧ ಗಂಟೆಯವರೆಗೂ ಅಲುಗಾಡದೆ ಮಲಗಿರಬೇಕಾಗುತ್ತದೆ. ಎಳೆಯ ಮಗುವಿಗೆ ಇದು ಸಾಧ್ಯವೆ? ಅನೇಕ ವೇಳೆ ನಿದ್ರೆಯ ಔಷಧವನ್ನೇ ಕೊಡಬೇಕಾಗುತ್ತದೆ. ನಾವಿರುವ ಗುಜರಾತಿನಲ್ಲಿಯೇ ನೋಡಿ: ಅಹಮದಾಬಾದು, ವಡೋದರ, ಸೂರತ್ತುಗಳ ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ದೂರದ ಹಳ್ಳಿಗಳಿಂದ ಬಂದವರ ಸರದಿಯೂ ಇದೇ ಲೆಕ್ಕದಲ್ಲಿ ಸಾಗಬೇಕು. ಆದುದರಿಂದ ಚಿತ್ರ ತೆಗೆಯುವ ವೇಗವು ಹೆಚ್ಚುವುದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಡೀಪ್ ಲರ್ನಿಂಗ್ ಎಂಬ ಗಣಕವಿದ್ಯೆಯಿಂದ ಅದು ಕೈಗೂಡುತ್ತಿದೆ. ಯಂತ್ರವು ಅಳೆಯಬೇಕಾದುದರಲ್ಲಿ ನಾಲ್ಕನೆಯ ಒಂದು ಪಾಲನ್ನಷ್ಟೇ ಅಳೆಯುತ್ತದೆ. ಉಳಿದುದನ್ನು, ಹಿಂದೆ ಕಂಡ ಸಾವಿರಾರು ಚಿತ್ರಗಳ ಅಭ್ಯಾಸಬಲದಿಂದ ಗಣಕಯಂತ್ರವು ತುಂಬಿಕೊಡುತ್ತದೆ. ಅಕ್ಷರ ಸವೆದ ಶಾಸನವನ್ನು ಓದುವ ಪಂಡಿತನಂತೆ! ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯರೂ ಫೇಸ್‌ಬುಕ್ಕಿನ ಸಂಶೋಧಕರೂ 2018ರಲ್ಲಿ ಈ ಕೆಲಸವನ್ನು ಜೊತೆಯಾಗಿ ಕೈಗೊಂಡರು. 2020ರಲ್ಲಿ ಮಿದುಳಿನ ಚಿತ್ರಗಳನ್ನು ಕುರಿತು ಅವರೇ ಏರ್ಪಡಿಸಿದ ಸ್ಪರ್ಧೆಯಲ್ಲಿ, ಇಲ್ಲದ ರಚನೆಗಳನ್ನೂ ಗಣಕವು ಚಿತ್ರಿಸಿಬಿಟ್ಟುದು ಕಂಡುಬಂದಿತು.

ಪಂಡಿತನು ತಪ್ಪಿದರೆ ಯಾವನೋ ಅರಸನ ಹೆಸರು ಕೆಡುತ್ತದೆ, ಅಷ್ಟೆ. ಇಲ್ಲಿ ತಪ್ಪಿದರೆ ಗೆಡ್ಡೆಯೊಂದು ಮರೆಯಾದೀತು. ಊಹೆಯ ನೆರವಿನಿಂದ ಸಿದ್ಧವಾದ ಚಿತ್ರವೆಂದು ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಸಂದೇಹ ಬಂದಾಗ ಪೂರ್ಣಚಿತ್ರವನ್ನು ಮತ್ತೆ ಶುಲ್ಕ ಕೇಳದೆ ತೆಗೆದುಕೊಡಬೇಕು. ಆಸ್ಪತ್ರೆಗಳಿಂದ ನಾವು ಬಯಸುವುದು ಇಷ್ಟನ್ನೇ.